ಒಂದು ವಾಗಾ ಬಿಟ್ಟುಹೋಗಿದೆ

ಮೊಯ್ದಿನ್ ಕುಂಞಿಯ ಹೊಗೆಸೊಪ್ಪಿನ ಗೋದಾಮು,
ಅದರ ಅಟ್ಟದಲ್ಲಿ ಲಾರಿಯ ಬ್ಯಾಟರಿಗೆ ಕಟ್ಟಿದ ರೇಡಿಯೋ.
ಕಿಟಕಿಗೆ ಕಪ್ಪು ಕಾಗದ. ಕುಂಬಳೆಯ ಕಡಲು
ಒಳಗೆ ಬರಲು ಬೇರೆ ದಾರಿಯಿಲ್ಲವೆಂಬಂತೆ
ರೇಡಿಯೋದಿಂದಲೇ ಭುಸುಗುಟ್ಟುತ್ತಿತ್ತು.

ಅಪ್ಪ, ಪೋಸ್ಟ್‌ಮಾಸ್ಟರ್ ಐತಪ್ಪ ಗಟ್ಟಿ,
ತೊಡೆಯ ಮೇಲೆ ಹಳೆಯ ಮನಿಯಾರ್ಡರ್ ಪುಸ್ತಕವಿಟ್ಟು
ಕಿವಿಯೊಡ್ಡಿ ಕೂತಿರುತ್ತಿದ್ದರು.
ನನ್ನ ಕೆಲಸ ಪೆನ್ಸಿಲು ಚೂಪು ಮಾಡುವುದು,
ಮತ್ತೆ, ಸೀನದೆ ಇರುವುದು.
ಹೊಗೆಸೊಪ್ಪಿನ ಮೇಲೆ ಕೂತು
ಎರಡನೆಯದು ಕಷ್ಟ.

ಸಿಂಗಾಪುರ ಬಿದ್ದು ಎರಡು ವರ್ಷ.
ಚಿಕ್ಕಪ್ಪನದು ಬಂದದ್ದು ಒಂದೇ ಕಾರ್ಡು,
ಇಪ್ಪತ್ತೈದು ಪದ ಮೀರುವಂತಿಲ್ಲ, ಇಂಗ್ಲಿಷು.
ಅಪ್ಪ ತುಳುವಿಗೆ ತಿರುಗಿಸಿ ಅಜ್ಜಿಗೆ ಓದಿದ್ದರು:
ಸೌಖ್ಯ. ಇಲ್ಲಿ ಊಟ,
ಪೈವಳಿಕೆಯ ಮದುವೆಯಲ್ಲಿ ನಾನೂ ಅಣ್ಣನೂ ಉಂಡ ಹಾಗೆ.
ಯಾವ ಮದುವೆಯೋ, ಅಪ್ಪನಿಗೆ ನೆನಪಿಲ್ಲ.
ಅಜ್ಜಿಗೆ ಅದೆಲ್ಲ ಬೇಕಾಗಿಯೂ ಇಲ್ಲ.
ಕಾರ್ಡನ್ನು ಅಕ್ಕಿಮುಡಿಯ ಹುಲ್ಲಿಗೆ ಸಿಕ್ಕಿಸಿ
ರೇಷನ್ನಿನ ಸಾಲಿನಲ್ಲಿ ನಿಂತು ಹೇಳುತ್ತಿದ್ದರು:
ನನ್ನ ಸಂಜೀವನಿಗೆ ದಿನಾ ಪಾಯಸ ಉಂಟು, ಕೇಳಿದಿರಾ?

ರೇಡಿಯೋದಲ್ಲಿ ಶತ್ರುಗಳ ಸ್ಟೇಷನ್ನು.
ಹೊಟ್ಟೆ ತುಂಬಿದವರ ದನಿಯಲ್ಲಿ ಒಬ್ಬಳು
ಸೆರೆಯಾಳುಗಳ ಸಂದೇಶ ಓದುತ್ತಿದ್ದಳು.
ತಮ್ಮನ ಹೆಸರಿಗೆ ಕಾದ ಕಿವಿಗೆ
ಬೀಳುತ್ತಿದ್ದವರೆಲ್ಲ ಆಸ್ಟ್ರೇಲಿಯಾದವರು.
ಒಂದು ರಾತ್ರಿ,
ಕಾರ್ಪೊರಲ್ ಹ್ಯಾಡೋ. ಹೆಡ್ಡೋ ಆಗಿರಲೂಬಹುದು.
ಅಮ್ಮನಿಗೆ: ಚೆನ್ನಾಗಿದ್ದೇನೆ.
ಕೆಂಪು ಕುದುರೆಯನ್ನು ಮಾರಬೇಡಿ.
ಬರ್ಟ್ ಮಾವನ ಮನೆಯಲ್ಲಿ ಬಡಿಸುವಂತೆ ಬಡಿಸುತ್ತಾರೆ.
ಊರು: ವಾಗಾ ವಾಗಾ.
ರೇಡಿಯೋ ತೊದಲಿತೆಂದು
ಅಪ್ಪ ಒಂದು ವಾಗಾ ಹೊಡೆದುಹಾಕಿದರು.

‘ತಮ್ಮನ ಸುದ್ದಿ ಇಲ್ಲ ಮಾಷ್ಟ್ರೇ,
ಯಾರದೋ ಮಗನಿಗೆ ನೀವು ಯಾಕೆ ಅಂಚೆಖರ್ಚು?’
ಕುಂಞಿ ಬ್ಯಾಟರಿಯ ತಂತಿ ಬಿಚ್ಚುತ್ತ ಕೇಳಿದ.
‘ವಿಳಾಸ ಕಿವಿಗೆ ಬಿದ್ದ ಮೇಲೆ
ಬಟವಾಡೆ ಆಗಬೇಕು,’ ಎಂದರು ಅಪ್ಪ.

ಒಂಬತ್ತು ತಿಂಗಳಿಗೆ ಜವಾಬು.
ಸೆನ್ಸಾರಿನವರು ಒಡೆದು ಮತ್ತೆ ಅಂಟಿಸಿದ್ದು.
ಅಪ್ಪ ತಾವೇ ಅದಕ್ಕೆ ಮೊಹರು ಹೊಡೆದು,
ತಮಗೆ ತಾವೇ ಕೊಟ್ಟುಕೊಂಡು,
ಆಮೇಲೆ ಬಿಡಿಸಿದರು.

ಒಂದು ವಾಗಾ ಬಿಟ್ಟುಹೋಗಿದೆ, ಆದರೂ ತಲುಪಿತು.
ಬೇರೆ ನಾಲ್ವರೂ ಕೇಳಿಸಿಕೊಂಡು ಬರೆದಿದ್ದರು,
ಬರ್ಟನನ್ನು ಬಿಡದೆ ಬರೆದವರು ನೀವೊಬ್ಬರೇ.
ಬರ್ಟ್ ನನ್ನ ಅಣ್ಣ. ಕುರಿಗೂ ನೀರು ಅಳೆದು ಕೊಟ್ಟವನು.
ಅವನ ಮನೆಯಲ್ಲಿ ಎರಡನೇ ತುತ್ತು ಕಂಡವರಿಲ್ಲ.
ಹೀಗೆ ನಮಗೆ ನಿಜ ತಿಳಿಯಿತು. ಉಪಕಾರವಾಯಿತು.
ಕುದುರೆ ಇದೆ.

ಅಪ್ಪ ಹಗಲು ಹನ್ನೊಂದಕ್ಕೇ ಕಿಂಡಿ ಮುಚ್ಚಿದರು.
ಹಾಗೆ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.
ರಾತ್ರಿ ಅಟ್ಟದಲ್ಲಿ ರೇಡಿಯೋ ಹಾಕಲಿಲ್ಲ.
ಕುಂಞಿಗೆ ಹೇಳಿದರು, ಅಥವಾ ಗೋಡೆಗೆ:
ನನಗೆ ಒಂಬತ್ತು, ಅವನಿಗೆ ಆರು.
ಪೈವಳಿಕೆಗೆ ನಡೆದೇ ಹೋಗಿದ್ದೆವು.
ಎಲೆ ಹಾಕಿದರು, ಉಪ್ಪು ಬಡಿಸಿದರು.
ಆಮೇಲೆ ಒಬ್ಬರು ಬಂದು, ನೀವು ಯಾರ ಮಕ್ಕಳು, ಎಂದರು.
ಎಬ್ಬಿಸಿದರು.
ದಾರಿಯುದ್ದಕ್ಕೂ ಅವನು
ಬೆರಳಿಗೆ ಹತ್ತಿದ ಉಪ್ಪು ನೆಕ್ಕುತ್ತ ಬಂದ.

ಕುಂಞಿ ಏನೂ ಹೇಳಲಿಲ್ಲ.
ನಾನು ಸೀನಿದೆ.
ಯಾರೂ ಗದರಲಿಲ್ಲ.

ಮರುದಿನ ರೇಷನ್ನಿನ ಸಾಲು.
ಅಜ್ಜಿ ಎಂದಿನಂತೆ ಶುರು ಮಾಡಿದರು:
ದಿನಾ ಮದುವೆಯೂಟ ನನ್ನ ಸಂಜೀವನಿಗೆ,
ಬೇಕಾದರೆ ಇವನನ್ನೇ ಕೇಳಿ, ಜೊತೆಗೆ ಉಂಡವನು.
ಎಲ್ಲರೂ ತಿರುಗಿದರು.
ಅಪ್ಪ ಖಾಲಿ ಚೀಲವನ್ನು ಮಡಚಿದರು,
ಮತ್ತೊಮ್ಮೆ ಮಡಚಿದರು, ಎಲೆ ಮಡಚುವ ಹಾಗೆ.
‘ಹೌದು,’ ಎಂದರು,
‘ಉಪ್ಪು ಸರಿಯಾಗಿತ್ತು.’